ಗ್ರೀಕ್ ದುರಂತ ನಾಟಕದಿಂದ ಕಿರುಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿರುವುದು ಸ್ವಂತ ದುಡ್ಡು, ಗೆಳೆಯರ ಕ್ಯಾಮೆರಾ, ಮೂರು ದಿನದ ಶೂಟಿಂಗ್. ಅಷ್ಟರಲ್ಲಿ ಗ್ರೀಕ್ ದುರಂತ ನಾಟಕವೊಂದನ್ನು ಕಿರುಚಿತ್ರ ಮಾಡಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ಇಲ್ಲಿ ಕೊಟ್ಟ ಸಾಲುಗಳ ಸಂಖ್ಯೆ ಮೂಲ ಗ್ರೀಕ್ ಪಠ್ಯದ್ದು. ಒಳ್ಳೆಯ ಅನುವಾದಗಳ ಅಂಚಿನಲ್ಲಿ ಅದೇ ಸಂಖ್ಯೆ ಸಿಗುತ್ತದೆ.

## ಶುರು ಮಾಡುವ ಮೊದಲು

ಗ್ರೀಕ್ ಟ್ರ್ಯಾಜಿಡಿ ಅಂತ ಒಟ್ಟು ಎಷ್ಟು ನಾಟಕ ಇವೆ? ಎಲ್ಲಾ ಓದಿಯೇ ಶುರು ಮಾಡಬೇಕಾ?

ಪೂರ್ತಿಯಾಗಿ ಉಳಿದಿರುವುದು 32. ಈಸ್ಕಿಲಸ್‌ನ 7, ಸಾಫೊಕ್ಲಿಸ್‌ನ 7, ಯೂರಿಪಿಡೀಸ್‌ನ 18. ಇವುಗಳಲ್ಲಿ ಎರಡರ ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ: ಈಸ್ಕಿಲಸ್‌ನದೆನ್ನುವ 'ಪ್ರೊಮೀಥಿಯಸ್' ಮತ್ತು ಯೂರಿಪಿಡೀಸ್‌ನದೆನ್ನುವ 'ರೀಸಸ್'. ಹೆಚ್ಚುಕಡಿಮೆ ಎಲ್ಲವೂ ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನ ಸುತ್ತಮುತ್ತ ಹುಟ್ಟಿದವು. ಬಹುಪಾಲು ನಾಟಕಗಳು ಆಕ್ರೊಪೊಲಿಸ್ ಗುಡ್ಡದ ದಕ್ಷಿಣ ಇಳಿಜಾರಿನ ಬಯಲು ರಂಗದಲ್ಲಿ, ಡಯೊನೈಸಸ್ ದೇವರ ಹಬ್ಬದ ಸ್ಪರ್ಧೆಗೆಂದು ಬರೆದಂಥವು.

ಎಲ್ಲ ಓದುವ ಅಗತ್ಯವಿಲ್ಲ. ದೊರೆ ಈಡಿಪಸ್, ಅಂತಿಗೊನೆ, ಅಗಮೆಮ್ನಾನ್, ಮೆಡೀಯಾ, ಸಾಫೊಕ್ಲಿಸ್‌ನ ಎಲೆಕ್ಟ್ರಾ, ಈ ಐದನ್ನು ಓದಿದರೆ ಆಯ್ಕೆಗೆ ಬೇಕಾದಷ್ಟು ಸರಕು ಸಿಗುತ್ತದೆ. ಆದರೆ ಕಥಾಸಾರ ಓದಿ ಕೂತರೆ ಆಗದು. ಸಾರದಲ್ಲಿ ಇರುವುದು ಏನು ನಡೆಯಿತು ಅನ್ನುವುದಷ್ಟೇ. ಅದನ್ನು ಯಾರು ಯಾರಿಗೆ, ಯಾವ ಗಳಿಗೆಯಲ್ಲಿ ಹೇಳಿದರು ಅನ್ನುವುದು ನಾಟಕದಲ್ಲಿ ಮಾತ್ರ ಸಿಗುತ್ತದೆ. ಕಿರುಚಿತ್ರಕ್ಕೆ ಬೇಕಾದದ್ದು ಎರಡನೆಯದು.

ಕಿರುಚಿತ್ರ ಅಂದ್ರೆ ಎಷ್ಟು ನಿಮಿಷ ಇರಬೇಕು?

ಆಸ್ಕರ್ ನಿಯಮದಂತೆ ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷದೊಳಗೆ. ಬರ್ಲಿನ್ ಕಿರುಚಿತ್ರ ವಿಭಾಗಕ್ಕೆ 30, ಕಾನ್ ಕಿರುಚಿತ್ರ ಸ್ಪರ್ಧೆಗೆ 15. ಮೊದಲ ಸಲ ಮಾಡುವವರಿಗೆ 9ರಿಂದ 14 ನಿಮಿಷ ಹಿತ. ಉತ್ಸವದವರು ಐದಾರು ಚಿತ್ರಗಳನ್ನು ಒಂದೇ ಪ್ರದರ್ಶನದಲ್ಲಿ ಜೋಡಿಸುತ್ತಾರೆ. 25 ನಿಮಿಷದ ಚಿತ್ರ ಇಬ್ಬರ ಜಾಗ ತಿನ್ನುತ್ತದೆ, ಹಾಗಾಗಿ ಅದಕ್ಕೆ ಬಾಗಿಲು ಕಿರಿದು.

ಇಡೀ ಈಡಿಪಸ್ ಕಥೆಯನ್ನು ಹತ್ತು ನಿಮಿಷಕ್ಕೆ ಇಳಿಸೋಕಾಗುತ್ತಾ?

ಆಗುತ್ತದೆ, ನಗಿಸುವ ಉದ್ದೇಶವಿದ್ದರೆ. ಅಮೆರಿಕದ ಜೇಸನ್ ವಿಶ್ನೌ 2004ರಲ್ಲಿ ಅದನ್ನು ಮಾಡಿ ತೋರಿಸಿದರು: 8 ನಿಮಿಷದ 'ಈಡಿಪಸ್', ಪಾತ್ರಧಾರಿಗಳೆಲ್ಲ ತರಕಾರಿಗಳು, ನಾಯಕ ಆಲೂಗಡ್ಡೆ. ಹಳೆಯ ಹಾಲಿವುಡ್ ಮಹಾಚಿತ್ರಗಳ ಗತ್ತಿನಲ್ಲಿ ಕಥೆ ಓಡುತ್ತದೆ, ಆ ಓಟವೇ ತಮಾಷೆ.

ಗಂಭೀರವಾಗಿ ಮಾಡುವಾಗ ಅದೇ ಓಟ ಕೈಕೊಡುತ್ತದೆ. ದಾರಿಯಲ್ಲಿ ತಂದೆಯ ಕೊಲೆ, ಸ್ಫಿಂಕ್ಸ್‌ನ ಒಗಟು, ತಿಳಿಯದೆ ಹೆತ್ತ ತಾಯಿಯೊಡನೆ ಮದುವೆ, ಪಿಡುಗು, ಕಣ್ಣು ಕಿತ್ತುಕೊಳ್ಳುವುದು ಎಂದು ಪ್ರತಿ ಎರಡು ನಿಮಿಷಕ್ಕೊಂದು ಘಟನೆ ಬಂದರೆ ಯಾವುದೂ ಎದೆಗೆ ಇಳಿಯುವುದಿಲ್ಲ. ಸಾಫೊಕ್ಲಿಸ್ ಕೂಡ ಇದನ್ನೆಲ್ಲ ತೋರಿಸಿಲ್ಲ. ಅವನ ನಾಟಕ ಶುರುವಾಗುವ ಹೊತ್ತಿಗೆ ಕೊಲೆ, ಒಗಟು, ಮದುವೆ ಮೂರೂ ಮುಗಿದು ವರ್ಷಗಳಾಗಿವೆ. ರಂಗದ ಮೇಲೆ ನಡೆಯುವುದು ಒಂದು ದಿನದ ವಿಚಾರಣೆ ಮಾತ್ರ. ಅವನೇ ಕತ್ತರಿಸಿ ಕೊಟ್ಟದ್ದನ್ನು ಮತ್ತೆ ಉದ್ದ ಮಾಡುವುದು ಯಾಕೆ?

ಹಾಗಾದರೆ ಯಾವ ದೃಶ್ಯ ಹಿಡಿದುಕೊಳ್ಳಲಿ?

ಒಬ್ಬರು ಇನ್ನೊಬ್ಬರಿಗೆ ಏನನ್ನೋ ತಿಳಿಸುವ, ಕೇಳಿಸಿಕೊಂಡವರು ಆಮೇಲೆ ಮೊದಲಿನಂತೆ ಇರಲಾರದ ದೃಶ್ಯ ಹುಡುಕಿ. ಈ ನಾಟಕಗಳ ಮರ್ಮ ಇರುವುದೇ ಅಲ್ಲಿ. ಕಿರುಚಿತ್ರದ ಜೇಬಿಗೂ ಅದು ಹೊಂದುತ್ತದೆ, ಯಾಕೆಂದರೆ ಕೇಳುವ ಮುಖವೊಂದನ್ನು ಚಿತ್ರೀಕರಿಸಲು ಸೈನ್ಯ, ರಥ, ಅರಮನೆ ಬೇಕಿಲ್ಲ. ಚಿತ್ರಕ್ಕೆ ಸಿದ್ಧವಾಗಿ ಕೂತಿರುವ ಕೆಲವು:

'ಅಂತಿಗೊನೆ', ಸಾಲು 1–99. ಬೆಳಗಿನ ಜಾವ, ಮನೆಯ ಹೊರಗೆ ಇಬ್ಬರು ಅಕ್ಕತಂಗಿಯರು. ಹೂಳಬಾರದೆಂದು ದೊರೆ ಸಾರಿದ ಅಣ್ಣನ ಹೆಣ ಹೂಳುವುದಕ್ಕೆ ಬರುತ್ತೀಯಾ ಎಂದು ಒಬ್ಬಳು ಕೇಳುತ್ತಾಳೆ, ಇನ್ನೊಬ್ಬಳು ಒಲ್ಲೆ ಎನ್ನುತ್ತಾಳೆ. ಇಬ್ಬರು ನಟಿಯರು, ಒಂದು ಜಾಗ, 7–8 ನಿಮಿಷ.

ಸಾಫೊಕ್ಲಿಸ್‌ನ 'ಎಲೆಕ್ಟ್ರಾ', ಸಾಲು 1126–1170. ತಮ್ಮ ಸತ್ತನೆಂದು ನಂಬಿ ಅವನ ಬೂದಿಯಿದೆಯೆಂದ ಕುಡಿಕೆಯನ್ನು ಎದೆಗವಚಿಕೊಂಡು ಅಕ್ಕ ಅಳುತ್ತಾಳೆ. ಕುಡಿಕೆ ತಂದು ಕೊಟ್ಟವನೇ ಆ ತಮ್ಮ. ಅವನು ಎಷ್ಟು ಹೊತ್ತು ಸುಮ್ಮನಿರಬಲ್ಲ ಅನ್ನುವುದೇ ಚಿತ್ರ.

ಯೂರಿಪಿಡೀಸ್‌ನ 'ಟಾರಿಸ್‌ನಲ್ಲಿ ಇಫಿಜೀನಿಯಾ'ದ ಪತ್ರದ ದೃಶ್ಯ. ದೂರದ ಊರಲ್ಲಿ ಸಿಕ್ಕಿಬಿದ್ದ ಅಕ್ಕ, ತಮ್ಮನಿಗೆ ಮುಟ್ಟಿಸೆಂದು ಅಪರಿಚಿತನ ಕೈಗೆ ಪತ್ರ ಕೊಡುತ್ತಾಳೆ. ಹಡಗು ಮುಳುಗಿ ಪತ್ರ ಹೋದರೂ ಮಾತು ಉಳಿಯಲಿ ಎಂದು ಅದರಲ್ಲಿರುವುದನ್ನು ಬಾಯಲ್ಲೂ ಹೇಳುತ್ತಾಳೆ. ಕೇಳಿಸಿಕೊಂಡವನು ಪಕ್ಕದಲ್ಲಿ ನಿಂತ ಗೆಳೆಯನ ಕಡೆ ತಿರುಗಿ, ತಗೋ, ನಿನ್ನ ಅಕ್ಕನ ಪತ್ರ ಎಂದು ಅಲ್ಲೇ ಕೊಟ್ಟುಬಿಡುತ್ತಾನೆ. ಮೂವರು ನಟರು, ಒಂದು ಕಾಗದ. ಇಷ್ಟು ಅಚ್ಚುಕಟ್ಟಾದ ತಿರುವು ಇಂದಿನ ಚಿತ್ರಕಥೆಗಳಲ್ಲೂ ಅಪರೂಪ.

ಯಾರೂ ಮುಟ್ಟದ ಇನ್ನೊಂದಿದೆ: 'ಅಂತಿಗೊನೆ'ಯ ಯೂರಿಡಿಸಿ. ಕ್ರಿಯಾನ್ ದೊರೆಯ ಹೆಂಡತಿ. ಇಡೀ ನಾಟಕದಲ್ಲಿ ಅವಳಿಗಿರುವುದು ಒಂಬತ್ತೇ ಸಾಲು, 1183ರಿಂದ 1191. ಹೊರಗೆ ಬಂದು, ಏನಾಯಿತು ಹೇಳಿ ಎನ್ನುತ್ತಾಳೆ. ಮಗ ಸತ್ತ ಬಗೆಯನ್ನು ದೂತ ಐವತ್ತು ಸಾಲುಗಳಲ್ಲಿ ಬಿಡಿಸಿ ಹೇಳುತ್ತಾನೆ. ಅವಳು ಒಂದು ಮಾತೂ ಆಡದೆ ಒಳಗೆ ಹೋಗುತ್ತಾಳೆ. ಮತ್ತೆ ಬರುವುದು ಅವಳ ಹೆಣ.

ಎರಡೂವರೆ ಸಾವಿರ ವರ್ಷ ಹಳೇದಕ್ಕೂ ಕಾಪಿರೈಟ್ ಇರುತ್ತಾ?

ಮೂಲಕ್ಕಿಲ್ಲ, ಅನುವಾದಕ್ಕಿದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಭಾರತದಲ್ಲಿ ಅನುವಾದಕರು ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷ ಹಕ್ಕು ಇರುತ್ತದೆ, ಯುರೋಪಿನ ದೇಶಗಳಲ್ಲಿ 70. ಸಾಫೊಕ್ಲಿಸ್‌ನನ್ನು ಇಂಗ್ಲಿಷಿಗೆ ತಂದ ಆರ್.ಸಿ. ಜೆಬ್ ತೀರಿಕೊಂಡದ್ದು 1905ರಲ್ಲಿ, ಅವರ ಗದ್ಯವನ್ನು ಯಾರೂ ಬಳಸಬಹುದು. ಗಿಲ್ಬರ್ಟ್ ಮರ್ರೆ 1957ರಲ್ಲಿ ತೀರಿಕೊಂಡರು. ಅವರ ಅನುವಾದ ಭಾರತದಲ್ಲಿ 2018ರಿಂದ ಮುಕ್ತ, ಯುರೋಪಿನಲ್ಲಿ 2027ರ ಕೊನೆಯವರೆಗೆ ಕಾಯಬೇಕು. ಕನ್ನಡದಲ್ಲಿ ಬಿ.ಎಂ.ಶ್ರೀ ಅವರ 'ಪಾರಸಿಕರು' ಮುಕ್ತವಾಗಿದೆ, ಅವರು ತೀರಿಕೊಂಡದ್ದು 1946ರಲ್ಲಿ. ಲಂಕೇಶರು ಕನ್ನಡಕ್ಕೆ ತಂದ ಈಡಿಪಸ್, ಅಂತಿಗೊನೆಗಳ ಮಾತನ್ನು ಬಳಸುವುದಾದರೆ ಹಕ್ಕುದಾರರ ಲಿಖಿತ ಅನುಮತಿ ಬೇಕೇ ಬೇಕು, ಆ ಹಕ್ಕು 2060ರ ಕೊನೆಯವರೆಗೆ ಇದೆ.

ಇನ್ನೊಂದು ಬಲೆ: ಸಾಫೊಕ್ಲಿಸ್‌ನದೆಂದು ನಂಬಿ ಫ್ರೆಂಚ್ ನಾಟಕಕಾರ ಆನ್ವಿಯಿಂದ ಕದಿಯುವುದು. ನಿಮ್ಮ ಅಂತಿಗೊನೆಗೆ ಒಬ್ಬ ದಾದಿ ಇದ್ದರೆ ಅವಳು ಬಂದದ್ದು 1944ರ ಆ ನಾಟಕದಿಂದ. ಗ್ರೀಕ್ ಮೂಲದಲ್ಲಿ ದಾದಿಯಿಲ್ಲ. ಆನ್ವಿ ತೀರಿಕೊಂಡದ್ದು 1987ರಲ್ಲಿ, ಹಕ್ಕು ಇನ್ನೂ ಜೀವಂತ.

## ಬರವಣಿಗೆ

ಈಗಿನ ಕಾಲಕ್ಕೆ ತಂದರೆ ಒಂದು ಡಿಎನ್ಎ ಟೆಸ್ಟ್‌ನಲ್ಲಿ ಈಡಿಪಸ್ ಕಥೆ ಮುಗಿದುಹೋಗುತ್ತಲ್ಲ?

ಮುಗಿಯುತ್ತದೆ, ಅದಕ್ಕೇ ವರದಿಯನ್ನು ತಿರುವಿನ ಜಾಗದಲ್ಲಿ ಇಡಬಾರದು. ಮೂಲದಲ್ಲಿ ಈಡಿಪಸ್ ಯಾರ ಮಗನೆಂಬ ಸತ್ಯ ಹೊರಬೀಳುವುದು ಇಬ್ಬರು ಮುದುಕರ ಬಾಯಿಂದ. ಕೊರಿಂತ್‌ನಿಂದ ಬಂದವನು ಖುಷಿಯಿಂದ ಹೇಳುತ್ತಾನೆ, ಥೀಬ್ಸ್‌ನ ಕುರುಬ ಹೇಳಲಾರದೆ ಒದ್ದಾಡುತ್ತಾನೆ. ಒಬ್ಬನಿಗೆ ಬಹುಮಾನದ ಆಸೆ, ಇನ್ನೊಬ್ಬನಿಗೆ ಭಯ. ಕಾಗದಕ್ಕೆ ಎರಡೂ ಇಲ್ಲ. ಪ್ರಯೋಗಾಲಯದ ವರದಿ ಬೇಕೇಬೇಕು ಅಂತಿದ್ದರೆ ಅದನ್ನು ಮೊದಲ ನಿಮಿಷದಲ್ಲೇ ಬರಿಸಿ, ಲಕೋಟೆ ಒಡೆಯದೆ ಮೇಜಿನ ಮೇಲಿರಲಿ. ಅಥವಾ ಅನಾಥಾಶ್ರಮದ ನಿವೃತ್ತ ಆಯಾ, ಹಳೆಯ ನರ್ಸ್, ದತ್ತು ಕಾಗದಕ್ಕೆ ಸಹಿ ಹಾಕಿದ ಗುಮಾಸ್ತ, ಇಂಥವರನ್ನು ಕುರುಬನ ಜಾಗಕ್ಕೆ ತನ್ನಿ.

ಕಾಲ ಬದಲಿಸುವಾಗ ವಸ್ತು ಬದಲಾಗಬಹುದು, ಸಂಬಂಧಗಳ ಎಳೆತ ಬದಲಾಗಬಾರದು. ಸೋಫಿ ದೆರಾಸ್ಪ್ ಅವರ 2019ರ 'ಅಂತಿಗೊನೆ' ಪೂರ್ಣಾವಧಿ ಚಿತ್ರವಾದರೂ ಪಾಠಕ್ಕೆ ಒಳ್ಳೆಯದು. ಮಾಂಟ್ರಿಯಲ್‌ನ ವಲಸಿಗ ಕುಟುಂಬ, ಒಬ್ಬ ಅಣ್ಣ ಪೊಲೀಸರ ಗುಂಡಿಗೆ ಬಲಿ, ಇನ್ನೊಬ್ಬನಿಗೆ ಗಡೀಪಾರಿನ ಭೀತಿ. ಹೆಣ ಹೂಳುವ ಬದಲು ತಂಗಿ ಅವನನ್ನು ಜೈಲಿನಿಂದ ಬಿಡಿಸುತ್ತಾಳೆ. ಮಣ್ಣು ಹೋಯಿತು, ಕಾನೂನಿಗಿಂತ ಒಡಹುಟ್ಟಿದವನು ದೊಡ್ಡವನು ಅನ್ನುವ ಹಟ ಉಳಿಯಿತು.

ಗ್ರೀಕ್ ಹೆಸರು ಇಟ್ಟುಕೊಳ್ಳಬೇಕಾ, ಬದಲಿಸಬೇಕಾ?

ಎರಡೂ ನಡೆಯುತ್ತದೆ, ಅರ್ಧರ್ಧ ನಡೆಯುವುದಿಲ್ಲ. ಎಲ್ಲರೂ ರಮೇಶ, ಸವಿತಾ ಆಗಿದ್ದು ಒಬ್ಬಳು ಮಾತ್ರ ಅಂತಿಗೊನೆಯಾದರೆ ಪ್ರೇಕ್ಷಕ ಹತ್ತು ನಿಮಿಷವೂ ಆ ಹೆಸರಿಗೇ ಅಂಟಿಕೊಂಡಿರುತ್ತಾನೆ. ಕನ್ನಡದಲ್ಲಿ ಇದಕ್ಕೆ ದೊಡ್ಡ ಮಾದರಿ 1929ರ 'ಅಶ್ವತ್ಥಾಮನ್'. ಸಾಫೊಕ್ಲಿಸ್‌ನ ಏಜಾಕ್ಸ್‌ಗೆ ಬಿ.ಎಂ.ಶ್ರೀ ಹೊಸ ಹೆಸರು ಹೊಸೆಯಲಿಲ್ಲ. ಅವಮಾನದಿಂದ ಬೇಯುವ ಯೋಧನನ್ನು ಮಹಾಭಾರತದೊಳಗೇ ಹುಡುಕಿ ತಂದರು. ಹೆಸರಿನ ಜೊತೆ ಓದುಗರಿಗೆ ಗೊತ್ತಿರುವ ಭಾರವೂ ಬಂತು.

ಹೆಸರು ಉಳಿಸಿಕೊಳ್ಳುವವರಿಗೆ ಸಣ್ಣ ಎಚ್ಚರಿಕೆ: 'ಮೀಡಿಯಾ' ಎಂದು ಶೀರ್ಷಿಕೆ ಕೊಟ್ಟರೆ ಟಿವಿ ಚಾನೆಲ್ ಕುರಿತ ಚಿತ್ರವೆಂದೇ ಜನ ಬರುತ್ತಾರೆ.

ದೇವರು, ಭವಿಷ್ಯವಾಣಿ, ಶಾಪ ಇವನ್ನೆಲ್ಲ ಏನು ಮಾಡೋದು? ಈಗ ಯಾರು ನಂಬ್ತಾರೆ?

ಪ್ರೇಕ್ಷಕ ನಂಬಬೇಕಿಲ್ಲ, ಪಾತ್ರ ನಂಬಿದರೆ ಸಾಕು. ಭವಿಷ್ಯವಾಣಿಯನ್ನು ಮಾನಸಿಕ ಕಾಯಿಲೆ ಎಂದೋ ಯಾರದೋ ಪಿತೂರಿ ಎಂದೋ ಬಿಡಿಸಿ ಹೇಳುವ ಚಿತ್ರಗಳು ಅಲ್ಲಿಗೇ ಪತ್ತೇದಾರಿ ಕಥೆಯಾಗಿ ಇಳಿದುಬಿಡುತ್ತವೆ. ಗ್ರೀಕ್ ನಿರ್ದೇಶಕ ಲಾಂತಿಮೋಸ್ ಅವರ 2017ರ ಪೂರ್ಣಾವಧಿ ಚಿತ್ರವೊಂದು, ತಂದೆ ಮಗಳನ್ನು ಬಲಿ ಕೊಡಹೊರಟ ಇಫಿಜೀನಿಯಾ ಕಥೆಯನ್ನು ಹೃದಯ ಶಸ್ತ್ರಚಿಕಿತ್ಸಕನ ಮನೆಗೆ ತರುತ್ತದೆ. ಮಕ್ಕಳ ಕಾಲಿನ ಶಕ್ತಿ ಯಾಕೆ ಹೋಯಿತೆಂದು ಕೊನೆಗೂ ಹೇಳುವುದಿಲ್ಲ. ಆ ಮೌನವೇ ಅದರ ಬಲ. ಶಾಪವನ್ನು ಒಂದು ಸಲ, ಸಾದಾ ದನಿಯಲ್ಲಿ, ಊಟಕ್ಕೆ ಕರೆದಷ್ಟು ಸಹಜವಾಗಿ ಹೇಳಿಸಿ ಮುಂದೆ ಹೋಗಿ.

ನಮ್ಮ ಪ್ರೇಕ್ಷಕರಿಗೆ ಈ ಕಥೆಗಳೇ ಗೊತ್ತಿಲ್ಲ. ಮೊದಲೇ ಹೇಳಿಬಿಟ್ಟರೆ ಸಸ್ಪೆನ್ಸ್ ಹೋಗಲ್ವಾ?

ಹೋಗಲಿ. ಅಥೆನ್ಸಿನವರಿಗೆ ಕಥೆಯ ಎಲುಬು ಗೊತ್ತಿತ್ತು, ಆದರೂ ಬೆಳಗಿನಿಂದ ಕೂತು ನೋಡಿದರು. ಕರ್ಣ ಸಾಯುತ್ತಾನೆಂದು ಗೊತ್ತಿದ್ದೇ ಅಲ್ಲವೇ ನಾವು ಕರ್ಣಪರ್ವಕ್ಕೆ ಹೋಗುವುದು? ಯೂರಿಪಿಡೀಸ್ ಎಷ್ಟೋ ಸಲ ಮೊದಲ ಪಾತ್ರದ ಬಾಯಲ್ಲೇ ಹಿನ್ನೆಲೆಯನ್ನೆಲ್ಲ ಹೇಳಿಸಿಬಿಡುತ್ತಾನೆ, 'ಹಿಪೊಲಿಟಸ್'ನಲ್ಲಿ ದೇವತೆಯೇ ಬಂದು ಅವನು ಇಂದು ಸಾಯುತ್ತಾನೆ ಎನ್ನುತ್ತಾಳೆ. ಆರಂಭದ ಅಕ್ಷರಫಲಕಕ್ಕೆ 25 ಪದ ಮೀರಬೇಡಿ. ನಿಧಾನವಾಗಿ ಗಟ್ಟಿಯಾಗಿ ಎರಡು ಸಲ ಓದುವಷ್ಟು ಹೊತ್ತು ಪರದೆಯ ಮೇಲಿರಲಿ. ವಂಶವೃಕ್ಷ ಮಾತ್ರ ಬೇಡ. 'ಅಣ್ಣನ ಹೆಣ ಮುಟ್ಟಿದವರಿಗೆ ಸಾವು' ಅನ್ನುವಷ್ಟು ಸಾಕು.

ನಾಯಕನಿಗೆ ಒಂದು ದೋಷ ಇರಲೇಬೇಕು ಅಂತಾರಲ್ಲ, ಅಹಂಕಾರ ಥರದ್ದು?

ಅರಿಸ್ಟಾಟಲ್ ಬಳಸಿದ ಪದ ಹಮಾರ್ತಿಯಾ. ಬಾಣ ಗುರಿ ತಪ್ಪಿದ್ದಕ್ಕೂ ಅದೇ ಧಾತು. ಸ್ವಭಾವದ ಕೊಳೆ ಅನ್ನುವುದಕ್ಕಿಂತ ತಿಳಿಯದೆ ಮಾಡಿದ ತಪ್ಪು ಅನ್ನುವುದು ಹತ್ತಿರದ ಅರ್ಥ. ನಾಯಕನನ್ನು ದುರಹಂಕಾರಿಯಾಗಿ ಬರೆದರೆ ಕೊನೆಯಲ್ಲಿ ಪ್ರೇಕ್ಷಕ 'ಆಗಬೇಕಾದ್ದೇ' ಅಂದುಕೊಂಡು ಎದ್ದು ಹೋಗುತ್ತಾನೆ. ಈಡಿಪಸ್ ಊರನ್ನು ಉಳಿಸಲು ಹೊರಟವನು. ಒಳ್ಳೆಯ ಕೆಲಸವನ್ನು ಬಿಡದೆ ಮಾಡಿದ್ದಕ್ಕೇ ಕೆಟ್ಟ ಎಂಬಂತೆ ಬರೆಯಿರಿ.

ಮೇಳವನ್ನು ಕಿತ್ತುಹಾಕಬಹುದಾ? ಹದಿನೈದು ಜನರನ್ನ ಎಲ್ಲಿಂದ ತರೋದು?

ಮೇಳ ಅಂದರೆ ಕೋರಸ್, ರಂಗದಲ್ಲೇ ಇದ್ದು ಹಾಡಿ ಕುಣಿದು ನಡೆಯುವುದಕ್ಕೆಲ್ಲ ಸ್ಪಂದಿಸುವ ಗುಂಪು. ತೆಗೆಯಬಹುದು, ಆದರೆ ಮೇಳ ಮಾಡುತ್ತಿದ್ದ ಕೆಲಸಕ್ಕೆ ಬೇರೆ ಆಳು ಬೇಕು. ಈಸ್ಕಿಲಸ್‌ನ ಕಾಲದಲ್ಲಿ 12 ಜನರಿದ್ದದ್ದು ಆಮೇಲೆ 15 ಆಯಿತು. ಯಕ್ಷಗಾನದ ಭಾಗವತರಿಗೆ ಹೋಲಿಸುವುದು ರೂಢಿ, ಹೋಲಿಕೆ ಮಾತ್ರ ಅರ್ಧ ದಾರಿಗೆ ನಿಲ್ಲುತ್ತದೆ. ಭಾಗವತರಿಗೆ ಕಥೆಯ ಕೊನೆ ಗೊತ್ತು, ಅವರು ಕಥೆಯ ಹೊರಗೆ ಕೂತವರು. ಗ್ರೀಕ್ ಮೇಳ ಆ ಊರಿನದೇ. ದೊರೆ ಕೆಟ್ಟರೆ ತಮಗೂ ಕೇಡು ಎಂದು ಹೆದರಿದ ಜನ. ಮಧ್ಯೆ ಪ್ರವೇಶಿಸುವ ಧೈರ್ಯ ಅವರಿಗಿಲ್ಲ. ತಾಯಿಯೇ ಮಕ್ಕಳನ್ನು ಕೊಲ್ಲುವ 'ಮೆಡೀಯಾ'ದಲ್ಲಿ ಒಳಗಿನಿಂದ ಮಕ್ಕಳು ಕೂಗಿಕೊಳ್ಳುವಾಗ, ಒಳಗೆ ಹೋಗಲೇ ಎಂದು ಕೇಳಿಕೊಂಡು ಅಲ್ಲೇ ನಿಲ್ಲುವ ಹೆಂಗಸರು ಅವರು.

ಆದ್ದರಿಂದ ಮೇಳದ ಜಾಗಕ್ಕೆ ನಿರೂಪಕನ ದನಿ ಹಾಕಿದರೆ ತಪ್ಪು ಕೀಲಿ ಹಾಕಿದ ಹಾಗೆ. ಬೇಕಾದದ್ದು ನೋಡಿಯೂ ಸುಮ್ಮನಿರುವ ನೆರೆಹೊರೆ: ಮೆಟ್ಟಿಲ ಮೇಲೆ ನಿಂತ ಮೂವರು, ನೀರಿನ ಟ್ಯಾಂಕರ್ ಸಾಲು, ಆಸ್ಪತ್ರೆಯ ಬೆಂಚು. 'ಅಗಮೆಮ್ನಾನ್' 1348–1371ರಲ್ಲಿ ದೊರೆಯ ಸಾವಿನ ಕೂಗು ಕೇಳಿದ ಮುದುಕರು ಒಬ್ಬೊಬ್ಬರಾಗಿ ಎರಡೆರಡು ಸಾಲು ಮಾತಾಡುತ್ತಾರೆ. ಜನರನ್ನು ಕರೆಯೋಣ, ಒಳಗೆ ನುಗ್ಗೋಣ, ಖಾತ್ರಿಯಾಗಲಿ ಕಾಯೋಣ. ಹನ್ನೆರಡು ದ್ವಿಪದಿ ಮುಗಿಯುವ ಹೊತ್ತಿಗೆ ಕೊಲೆ ಆಗಿಹೋಗಿರುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್ಆಪ್ ಗುಂಪಿಗೆ ಇದನ್ನು ಒಂದಕ್ಷರ ತಿದ್ದದೆ ಇಳಿಸಬಹುದು. ಹಾಗೆ ಮಾಡುವಾಗ ಸಂದೇಶಗಳನ್ನು ಪರದೆಯ ಮೇಲೆ ಗುಳ್ಳೆಗಳಾಗಿ ಹಾರಿಸದೆ ಫೋನನ್ನೇ ಚಿತ್ರೀಕರಿಸಿ, ಓದುವವರ ಹೆಬ್ಬೆರಳು ಕಾಣಲಿ. ಟೈಪ್ ಮಾಡಿ ಅಳಿಸಿದ ಒಂದು ವಾಕ್ಯ ಹನ್ನೆರಡು ಸಂದೇಶಗಳಿಗೆ ಸಮ.

## ಚಿತ್ರೀಕರಣ

ಕೊಲೆ, ಕಣ್ಣು ಕೀಳೋದು ತೋರಿಸಬೇಕಾ?

ಅಥೆನ್ಸಿನ ರಂಗದಲ್ಲಿ ಸಾವು ಬಹುತೇಕ ಬಾಗಿಲ ಹಿಂದೆ ಆಗುತ್ತಿತ್ತು. ಹಾಗೆಂದು ಅದು ಕಟ್ಟುನಿಟ್ಟಿನ ನಿಷೇಧವಾಗಿರಲಿಲ್ಲ, ಆಲ್ಸೆಸ್ಟಿಸ್ ಮತ್ತು ಹಿಪೊಲಿಟಸ್ ಪ್ರೇಕ್ಷಕರೆದುರೇ ಪ್ರಾಣ ಬಿಡುತ್ತಾರೆ. ಕಿರುಚಿತ್ರಕ್ಕೆ ಬಾಗಿಲ ಹಿಂದೆಯೇ ಲೇಸು. ಕಾರಣ ಸಂಕೋಚವಲ್ಲ, ದುಡ್ಡು ಮತ್ತು ನಂಬಿಕೆ. ಅಗ್ಗದ ರಕ್ತ ಅಗ್ಗವಾಗಿಯೇ ಕಾಣುತ್ತದೆ, ಅಲ್ಲಿಯವರೆಗೆ ಕಟ್ಟಿದ ನಂಬಿಕೆ ಎರಡು ಸೆಕೆಂಡಿನಲ್ಲಿ ಕುಸಿಯುತ್ತದೆ. ಮುಚ್ಚಿದ ಬಾಗಿಲು, ಒಂದು ಕೂಗು, ಹೊರಗೆ ನಿಂತವರ ಮುಖ. ಆಮೇಲೆ ಬಾಗಿಲು ತೆರೆದು ಫಲ ತೋರಿಸಿ. ಗ್ರೀಕರು ಇದಕ್ಕೇ ಚಕ್ರದ ಮೇಲಿನ ಹಲಗೆಯನ್ನು ಹೊರಗೆ ತಳ್ಳುತ್ತಿದ್ದರು.

ಈಡಿಪಸ್‌ನ ಕಣ್ಣಿಗೆ ದ್ರವದ ಕೃತಕ ರಕ್ತ ಮುಟ್ಟಿಸಲೇಬೇಡಿ, ಬೆವರಿನ ಜೊತೆ ಒಳಗೆ ಇಳಿಯುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ, ಕಲೆಯನ್ನು ಬಟ್ಟೆಗೆ ಮೊದಲೇ ಹಚ್ಚಿ ಒಣಗಿಸಿ. ಹೊಸ ಕಲೆಗಿಂತ ಒಣಗಿದ ಕಂದು ಕಲೆ ಹೆಚ್ಚು ನಿಜವಾಗಿ ಕಾಣುತ್ತದೆ.

ದೂತನ ಮಾತು ಐದು ನಿಮಿಷ ಇದೆ. ಫ್ಲ್ಯಾಶ್‌ಬ್ಯಾಕ್ ಹಾಕಿಬಿಡಲಾ?

ಹಾಕಬೇಡಿ. ಫ್ಲ್ಯಾಶ್‌ಬ್ಯಾಕ್ ಬಂದ ಕೂಡಲೇ ಕೇಳುವವರ ಮುಖ ಕೈತಪ್ಪುತ್ತದೆ, ದೃಶ್ಯವೇ ಅದಾಗಿತ್ತು. ಮೊದಲು ಮಾತನ್ನು ಎರಡು ನಿಮಿಷಕ್ಕೆ ತನ್ನಿ. ಉಪಮೆಗಳನ್ನು ತೆಗೆದು ವಸ್ತುಗಳನ್ನು ಉಳಿಸಿ: ಸೀರೆಪಿನ್ನು, ಹಗ್ಗ, ಚಿಲಕ. ಆಮೇಲೆ ಮೂರು ಪೂರ್ಣ ಟೇಕ್. ಒಂದರಲ್ಲಿ ಕ್ಯಾಮೆರಾ ದೂತನ ಮೇಲೆ, ಎರಡರಲ್ಲಿ ಕೇಳುವವರ ಮೇಲೆ. ಕೇಳುವ ಟೇಕ್‌ಗಳಲ್ಲಿ ದೂತನ ಪಾತ್ರಧಾರಿ ಕ್ಯಾಮೆರಾ ಪಕ್ಕ ನಿಂತು ಇಡೀ ಮಾತನ್ನು ಮತ್ತೆ ಹೇಳಬೇಕು, ಸಹಾಯಕ ನಿರ್ದೇಶಕ ಹಾಳೆ ನೋಡಿ ಓದಿದರೆ ನಟಿಯ ಕಣ್ಣು ಸತ್ತುಹೋಗುತ್ತದೆ. ಕೊನೆಯ ಮಾತಿನ ನಂತರ 40 ಸೆಕೆಂಡ್ ಕಟ್ ಹೇಳಬೇಡಿ. ಬೇಕಾದ ಕ್ಷಣ ಹೆಚ್ಚಾಗಿ ಅಲ್ಲಿ ಸಿಗುತ್ತದೆ.

ಮುಖವಾಡ ಹಾಕಿ ಮಾಡಬೇಕು ಅಂತ ಆಸೆ. ಕ್ಯಾಮೆರಾಗೆ ಹೊಂದುತ್ತಾ?

ಸಾವಿರಾರು ಜನರ ಬಯಲಿಗೆಂದು ಮಾಡಿದ್ದು ಕ್ಲೋಸಪ್‌ನಲ್ಲಿ ರಟ್ಟಾಗಿ ಕಾಣುತ್ತದೆ. ದೂರದ ಶಾಟ್‌ಗಳಿಗೂ ಮೇಳಕ್ಕೂ ಇಟ್ಟುಕೊಂಡು ಮುಖ್ಯ ಪಾತ್ರಗಳಿಗೆ ಬಿಟ್ಟರೆ ಹೊಂದೀತು. ಕಾಗದ ಮತ್ತು ಗಂಜಿಯ ಮುಖವಾಡಕ್ಕೆ ನಾಲ್ಕೈದು ಪದರ, ಒಂದೊಂದು ಪದರವೂ ಪೂರ್ತಿ ಒಣಗಬೇಕು, ಇಲ್ಲದಿದ್ದರೆ ದೀಪದ ಬಿಸಿಗೆ ಬಾಗುತ್ತದೆ. ಹೊಳೆಯುವ ಬಣ್ಣ ಬೇಡ, ಪ್ರತಿ ದೀಪವೂ ಹಣೆಯ ಮೇಲೆ ಚುಕ್ಕಿಯಾಗುತ್ತದೆ. ಬಾಯಿಯ ತೂತು ಚಿಕ್ಕದಿದ್ದರೆ ಮಾತು ಹಂಡೆಯೊಳಗಿಂದ ಬಂದಂತೆ ಕೇಳುತ್ತದೆ. ಸಣ್ಣ ಮೈಕನ್ನು ಮುಖವಾಡದ ಒಳಗೆ ಹಣೆಯ ಜಾಗದಲ್ಲಿ ಅಂಟಿಸಿ ನೋಡಿ, ಸಾಲದಿದ್ದರೆ ಡಬ್ಬಿಂಗ್. ಬಾಯಿ ಕಾಣದ್ದರಿಂದ ತುಟಿ ಹೊಂದಿಸುವ ತಲೆನೋವಿಲ್ಲ, ಅದೊಂದು ಲಾಭ.

ಮೆಡೀಯಾಳ ಮಕ್ಕಳ ಪಾತ್ರಕ್ಕೆ ನಿಜವಾದ ಮಕ್ಕಳನ್ನ ತಗೊಂಡರೆ ಏನು ನಿಯಮ?

ಭಾರತದಲ್ಲಿ 2017ರ ಬಾಲಕಾರ್ಮಿಕ ನಿಯಮಗಳು ಅನ್ವಯಿಸುತ್ತವೆ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ವಿಶ್ರಾಂತಿಯಿಲ್ಲದೆ 3 ಗಂಟೆ ಮೀರುವಂತಿಲ್ಲ. ಸಂಭಾವನೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು. ಕಥೆಯ ಕೊನೆಯನ್ನು ಮಕ್ಕಳಿಗೆ ಹೇಳುವ, ತಾಯಿಯ ಸ್ವಗತ ಅವರೆದುರು ಆಡಿಸುವ ಅಗತ್ಯವಿಲ್ಲ. ಆಟದ ದೃಶ್ಯ ಬೇರೆಯಾಗಿ ಚಿತ್ರೀಕರಿಸಿ, ಒಳಗಿನ ಕೂಗನ್ನು ದೊಡ್ಡವರ ದನಿಯಲ್ಲಿ ಮಾಡಿಸಿ ಶ್ರುತಿ ಏರಿಸಿ.

ಗ್ರೀಸ್‌ನ ಹಾಳು ದೇಗುಲಗಳಲ್ಲೇ ಶೂಟ್ ಮಾಡಿದರೆ ಚೆನ್ನಾಗಿರಲ್ವಾ?

ಅಲ್ಲಿ ಪ್ರಾಚೀನ ಸ್ಥಳಗಳಲ್ಲಿ ಚಿತ್ರೀಕರಣಕ್ಕೆ ಗ್ರೀಸ್‌ನ ಸಂಸ್ಕೃತಿ ಸಚಿವಾಲಯದ ಅನುಮತಿ ಬೇಕು. ಇಷ್ಟಕ್ಕೂ ಇಟಲಿಯ ನಿರ್ದೇಶಕ ಪಸೊಲಿನಿ ತಮ್ಮ ಈಡಿಪಸ್ ಅನ್ನು ಮೊರಾಕೊದಲ್ಲಿ, ಮೆಡೀಯಾವನ್ನು ಟರ್ಕಿಯ ಕಪಡೋಕಿಯಾದಲ್ಲಿ ತೆಗೆದರು. ಕಂಬಗಳ ನಡುವೆ ನಿಂತರೆ ಪ್ರವಾಸಿ ಚಿತ್ರವಾಗುವ ಅಪಾಯವೇ ಹೆಚ್ಚು. ಈ ನಾಟಕಗಳಿಗೆ ಬೇಕಾದದ್ದು ಒಂದು ಬಾಗಿಲು, ಅದರ ಮುಂದೆ ಬಿಸಿಲು, ಒಳಗೆ ಕತ್ತಲು. ಲೊಕೇಶನ್ ನೋಡಲು ಹೋದಾಗ ಗೋಡೆಗಿಂತ ಮೊದಲು ಬಾಗಿಲನ್ನು ನೋಡಿ: ಯಾವ ಕಡೆ ತೆರೆಯುತ್ತದೆ, ಕಿರುಗುಟ್ಟುತ್ತದೆಯೇ, ಹನ್ನೊಂದು ಗಂಟೆಗೆ ನೆರಳು ಎಲ್ಲಿ ಬೀಳುತ್ತದೆ.

ತರಕಾರಿ ಇಟ್ಟು ಸ್ಟಾಪ್ ಮೋಷನ್ ಮಾಡೋದು ಸುಲಭ ಅಲ್ವಾ?

ಸ್ಟಾಪ್ ಮೋಷನ್ ಅಂದರೆ ವಸ್ತುವನ್ನು ಚೂರುಚೂರೇ ಸರಿಸಿ ಒಂದೊಂದೇ ಫೋಟೊ ತೆಗೆದು ಜೋಡಿಸುವುದು. ಲೆಕ್ಕ ಹಾಕಿ. ಸೆಕೆಂಡಿಗೆ 24 ಚೌಕಟ್ಟು, ಒಂದು ಭಂಗಿಯನ್ನು ಎರಡೆರಡು ಚೌಕಟ್ಟಿಗೆ ಹಿಡಿದರೂ 12 ಫೋಟೊ. 8 ನಿಮಿಷಕ್ಕೆ 5,760. ಹೊಸಬರು ದಿನಕ್ಕೆ 6 ಸೆಕೆಂಡ್ ಮುಗಿಸಿದರೆ 80 ದಿನ. ಮೊದಲ ಸಲ 90 ಸೆಕೆಂಡಿನ ಚಿತ್ರ ಮಾಡಿ.

ನಟರು ಬಾಡುತ್ತಾರೆ ಅನ್ನುವುದು ದೊಡ್ಡ ತೊಡಕು. ಪ್ರತಿ ಪಾತ್ರಕ್ಕೂ ಒಂದೇ ಅಳತೆ, ಒಂದೇ ಬಣ್ಣದ ಐದಾರು ಬದಲಿಗಳನ್ನು ಫ್ರಿಜ್‌ನಲ್ಲಿಡಿ, ಗುರುತಿನ ಕಲೆಗಳ ಫೋಟೊ ಇಟ್ಟುಕೊಂಡು ಹೊಸದರ ಮೇಲೂ ಕೊರೆಯಿರಿ. ಆಲೂಗಡ್ಡೆ ಕೊಯ್ದ ಜಾಗ ಗಾಳಿಗೆ ಕಂದಾಗುತ್ತದೆ, ನಿಂಬೆರಸ ಸವರಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಟೊಮೆಟೊ ಶಾಟ್ ನಡುವೆಯೇ ಕುಸಿಯುತ್ತದೆ, ಒಳಗೊಂದು ಬಿದಿರು ಕಡ್ಡಿ ಬೇಕು. ಹ್ಯಾಲೊಜನ್ ದೀಪ ದೂರವಿಡಿ, ಎಲ್‌ಇಡಿ ಸಾಕು. ಕ್ಯಾಮೆರಾದ ಎಕ್ಸ್‌ಪೋಶರ್, ಬಿಳಿ ಸಮತೋಲನ, ಫೋಕಸ್ ಮೂರನ್ನೂ ಕೈಯಿಂದ ಲಾಕ್ ಮಾಡಿ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟದಿದ್ದರೆ ಮೋಡ ಬಂದು ಹೋದಾಗಲೆಲ್ಲ ಚಿತ್ರ ಮಿಣುಕುತ್ತದೆ.

## ಸದ್ದು, ಸಂಕಲನ, ಆಮೇಲೆ

ಐದೇ ಜನ ಇದ್ದೇವೆ. ಮೇಳದ ದನಿ ದೊಡ್ಡದಾಗಿ ಕೇಳಿಸೋದು ಹೇಗೆ?

ಐದು ಜನ, ಮೂರು ಟೇಕ್, ಹದಿನೈದು ದನಿ. ಮೊದಲ ಟೇಕ್ ಮೈಕಿನಿಂದ ಎರಡು ಅಡಿ, ಎರಡನೆಯದು ಆರು ಅಡಿ, ಮೂರನೆಯದು ಕೋಣೆಯ ಮೂಲೆಯಿಂದ. ಪ್ರತಿ ಸಲ ಜನ ಜಾಗ ಬದಲಿಸಬೇಕು, ಇಲ್ಲದಿದ್ದರೆ ಅದೇ ದನಿ ಮೂರು ಪಟ್ಟು ಗಟ್ಟಿಯಾದಂತೆ ಕೇಳುತ್ತದೆ, ಗುಂಪಾಗುವುದಿಲ್ಲ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಕೊನೆಗಳು ತಾವಾಗಿ ಬೆರೆಯುತ್ತವೆ. ಹರಿದುಹೋಗುವುದು ಪದದ ಶುರುವಿನ ಪ, ಟ, ಕ ಮತ್ತು ನಡುವಿನ ಸ, ಶ. ಒಬ್ಬರನ್ನು ಮುಂದಾಳಾಗಿ ಮಾಡಿ ಅವರಿಗಷ್ಟೇ ಈ ಅಕ್ಷರಗಳನ್ನು ಸ್ಪಷ್ಟವಾಗಿ ಉಚ್ಚರಿಸಲು ಹೇಳಿ, ಉಳಿದವರು ಮೃದುವಾಗಿ ದಾಟಲಿ. ಪ್ರತಿ ಲೊಕೇಶನ್‌ನಲ್ಲೂ ಯಾರೂ ಮಾತಾಡದ ಒಂದು ನಿಮಿಷದ ಸದ್ದು ಹಿಡಿದಿಟ್ಟುಕೊಳ್ಳುವುದನ್ನು ಮರೆಯಬೇಡಿ, ಬಾಗಿಲ ಮುಂದಿನ ಮೌನಗಳನ್ನು ಅದರಿಂದಲೇ ಕಟ್ಟಬೇಕು.

ಸಾಲಿಗೆ ಸಾಲು ಮಾತು ಬರುವ ದೃಶ್ಯ ಟೆನ್ನಿಸ್ ಆಟದ ಥರ ಕಾಣ್ತಿದೆ. ಎಡಿಟಿಂಗ್‌ನಲ್ಲಿ ಸರಿಮಾಡೋಕಾಗುತ್ತಾ?

ಮಾತಿಗೊಂದು ಕಟ್ ಹಾಕಿದ್ದರಿಂದ ಹಾಗಾಗಿದೆ. ಈಡಿಪಸ್–ಕುರುಬನ ಸಂವಾದದ ಕಟ್ಟಡ ನೋಡಿ. ಒಬ್ಬರಿಗೊಂದು ಸಾಲಿನಂತೆ ಸಾಗುತ್ತಿರುವ ಮಾತು 1173ರಿಂದ 1176ರವರೆಗೆ ಒಂದೇ ಸಾಲನ್ನು ಇಬ್ಬರೂ ಹಂಚಿಕೊಳ್ಳುವಷ್ಟು ತುಂಡಾಗುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಕುರುಬ, ಹೇಳಬಾರದ್ದರ ಅಂಚಿಗೆ ಬಂದೆ ಎನ್ನುತ್ತಾನೆ. ನಾನು ಕೇಳಬಾರದ್ದರ ಅಂಚಿಗೆ, ಆದರೂ ಕೇಳಲೇಬೇಕು ಎನ್ನುತ್ತಾನೆ ದೊರೆ. ಅಲ್ಲಿಯವರೆಗೆ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿಡಿ, ಕಟ್ ಬೇಡ. ಅಂಚಿನ ಮಾತಿಗೆ ಮೊದಲ ಕ್ಲೋಸಪ್, ಅದೂ ಕೇಳುವವನದು. ಮುಂದೆ ಸಾಲು ತುಂಡಾದಂತೆ ಕಟ್‌ಗಳೂ ಚುರುಕಾಗಲಿ, ಪ್ರತಿ ಕಟ್ ಮಾತಿಗಿಂತ ನಾಲ್ಕಾರು ಚೌಕಟ್ಟು ಮೊದಲೇ ಬೀಳಲಿ. ಉತ್ತರ ಬರುವ ಮುನ್ನವೇ ಅವನಿಗೆ ಗೊತ್ತಾಗಿದೆ ಅನ್ನುವುದು ಆಗ ಕಾಣುತ್ತದೆ. ಶೂಟಿಂಗ್‌ನಲ್ಲಿ ಇಬ್ಬರ ಶಾಟ್ ತೆಗೆದಿಲ್ಲದಿದ್ದರೆ ಎಡಿಟಿಂಗ್ ಟೇಬಲ್ ಏನೂ ಮಾಡಲಾರದು.

ಕನ್ನಡ ಸಬ್‌ಟೈಟಲ್ ಹಾಕಿದರೆ ಅಕ್ಷರ ಕೆಡುತ್ತಿದೆ, ಯಾಕೆ?

ಎರಡು ಕಾರಣ. ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಎಡಿಟಿಂಗ್ ತಂತ್ರಾಂಶಕ್ಕೆ ಅದು ಅರ್ಥವಾಗದ ಲ್ಯಾಟಿನ್ ಅಕ್ಷರ. ಯುನಿಕೋಡ್‌ಗೆ ಪರಿವರ್ತಿಸಿ. ಇನ್ನೊಂದು, ಎರಡು ಸಾಲಿನ ಸಬ್‌ಟೈಟಲ್‌ನಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲುಗಳ ನಡುವೆ ಅಂತರ ಹೆಚ್ಚಿಸಿ, ಚಿತ್ರಕ್ಕೆ ಅಚ್ಚೊತ್ತುವ ಮೊದಲು 'ರಾಷ್ಟ್ರ', 'ಸ್ತ್ರೀ', 'ಮೃತ್ಯು' ಇರುವ ಪರೀಕ್ಷಾ ಸಾಲು ಹಾಕಿ ದೊಡ್ಡ ಪರದೆಯಲ್ಲಿ ನೋಡಿ.

ಮುಗಿದ ಮೇಲೆ ಮೊದಲು ಯೂಟ್ಯೂಬ್‌ಗೆ ಹಾಕಲಾ, ಉತ್ಸವಕ್ಕೆ ಕಳಿಸಲಾ?

ಉತ್ಸವ ಮೊದಲು. ಆನ್‌ಲೈನ್‌ನಲ್ಲಿ ಬಂದ ಚಿತ್ರವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ, ಒಂದು ಸಲ ಹಾಕಿ ತೆಗೆದರೂ ಹಾಕಿದಂತೆಯೇ ಲೆಕ್ಕ. ಪಾಸ್‌ವರ್ಡ್ ಇರುವ ಖಾಸಗಿ ಲಿಂಕ್ ಕಳಿಸಿ. ಬೆಂಗಳೂರು ಅಂತಾರಾಷ್ಟ್ರೀಯ ಕಿರುಚಿತ್ರೋತ್ಸವ, ಕೇರಳದ ಅಂತಾರಾಷ್ಟ್ರೀಯ ಸಾಕ್ಷ್ಯಚಿತ್ರ–ಕಿರುಚಿತ್ರೋತ್ಸವ ಎರಡೂ ಹತ್ತಿರದವು. ಅರ್ಜಿಯ ಸಾರಾಂಶದಲ್ಲಿ 'ಸಾಫೊಕ್ಲಿಸ್‌ನ ಅಮರ ಕೃತಿಯ ಆಧುನಿಕ ರೂಪ' ಎಂದು ಶುರು ಮಾಡಬೇಡಿ, ಆಯ್ಕೆಗಾರರು ಅಂಥ ಸಾಲನ್ನು ದಿನವೂ ಓದುತ್ತಾರೆ. 'ಮಗ ಸತ್ತ ಸುದ್ದಿಯನ್ನು ತಾಯಿ ಬಾಗಿಲಲ್ಲಿ ನಿಂತು ಕೇಳುತ್ತಾಳೆ' ಎಂದು ಬರೆಯಿರಿ. ಸಾಫೊಕ್ಲಿಸ್‌ನ ಹೆಸರು ಕೊನೆಯ ಪಟ್ಟಿಯಲ್ಲಿ ಬಂದರೆ ಸಾಕು, ಅನುವಾದಕರ ಹೆಸರಿನ ಜೊತೆಗೆ.